ಸೀಸದ ಪಕ್ಕದ ಕಡ್ಡಿ

ಶಿವಗಂಗಾ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗುವಾಗ ಮಾವನಿಗೆ ಹೇಳಿಯೇ ಹೋಗಿದ್ದಳು. "ಮಾವಾರ, ಮೂರು ಸೀಟಿ ಆದಮ್ಯಾಲ ಗ್ಯಾಸ್ ಬಂದ್ ಮಾಡ್ರಿ." ಅಮರಯ್ಯ ಪೇಪರಿನಿಂದ ತಲೆಯೆತ್ತಿ ಆಯಿತೆಂದು ಕೈ ಮಾಡಿದ್ದ. ಅವಳು ಹಗ್ಗದಿಂದ ಬಟ್ಟೆ ಎಳೆಯುತ್ತಲೇ ಸೀಟಿ ಎಣಿಸಿದಳು. ಮೂರಾಯಿತು, ನಾಲ್ಕಾಯಿತು, ಐದಾಯಿತು. ಏಳನೆಯದಕ್ಕೆ ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಓಡಿ ಇಳಿದು ಬಂದರೆ ಮನೆ ತುಂಬ ಸೀದ ಬೇಳೆಯ ವಾಸನೆ. ಒಲೆಯಿಂದ ಎರಡು ಮಾರು ದೂರದಲ್ಲಿ ಮಾವ ಕಾಲು ಚಾಚಿ ಕೂತು ಕ್ರಿಕೆಟ್ಟಿನ ಸುದ್ದಿ ಓದುತ್ತಿದ್ದಾನೆ. ನಲವತ್ತು ವರ್ಷ ರಬ್ಬರಿನ ಹೊಗೆ ಕುಡಿದ ಮೂಗು ಅದು, ಬೇಳೆಯ ವಾಸನೆ ಅದಕ್ಕೆ ಯಾವ ಲೆಕ್ಕ.

"ಮರತೆ ನೋಡವ್ವಾ," ಎಂದ ಅಮರಯ್ಯ, ಅವಳ ಮುಖ ನೋಡಿದ ಮೇಲೆ.

ಅತ್ತೆ ಹಂಪಮ್ಮ ಅಷ್ಟಕ್ಕೆ ಬಿಡುವವಳಲ್ಲ. ಊಟಕ್ಕೆ ಕೂತಾಗ ಗಂಡನ ತಟ್ಟೆಗೆ ತಳ ಹತ್ತಿದ ಬೇಳೆಯನ್ನೇ ಕೆರೆದು ಬಡಿಸಿದಳು. "ತಿನ್ರಿ, ಕಪ್ಪಗ ಆಗೇತಿ, ನಿಮ್ಮ ಟೈರಿನಂಗ. ಅರವತ್ತಾರು ವರ್ಷದ ಗಂಡಸಗ ಒಂದು ಒಲಿ ಆರಸಾಕ ಆಗಂಗಿಲ್ಲ!"

ಅಮರಯ್ಯ ನಕ್ಕು, "ಉಪ್ಪು ಸರಿ ಐತಿ," ಎಂದ.

ಎಲ್ಲರೂ ನಕ್ಕರು. ಶಿವಗಂಗಾ ಮಾತ್ರ ನಗಲಿಲ್ಲ. ಉಪ್ಪಿನ ಮಾತನ್ನು ಯಾರೂ ಎತ್ತಿರಲಿಲ್ಲ. ಇತ್ತೀಚೆಗೆ ಮಾವ ಹೀಗೆಯೇ ಮಾಡುತ್ತಿದ್ದ, ಎದುರಿನವರ ತುಟಿ ನೋಡಿ ಅಂದಾಜಿನ ಮೇಲೆ ಒಂದು ಉತ್ತರ ಒಗೆಯುತ್ತಿದ್ದ. ಶಿವಗಂಗಾಳ ಮಗಳು ನಿರೀಕ್ಷಾ ಹಿಂದಿನಿಂದ "ಮುತ್ಯಾ" ಎಂದು ಅಜ್ಜನನ್ನು ಕೂಗಿದರೆ ತಿರುಗುತ್ತಿರಲಿಲ್ಲ. ಟಿವಿಯ ಸದ್ದು ಓಣಿಯ ಕೊನೆಯ ಮನೆಗೂ ಕೇಳುತ್ತಿತ್ತು. ಮುದುಕ ಮರೆತಿರಲಿಲ್ಲ, ಅವನಿಗೆ ಕೇಳಿಸಿರಲಿಲ್ಲ.

ಅದು ಬೇರೆ ಮನೆಯಲ್ಲಾದರೆ ವಯಸ್ಸಾಯಿತು ಎಂದು ಸುಮ್ಮನಾಗುತ್ತಿದ್ದರು. ಈ ಮನೆ ನಿಂತದ್ದೇ ಅಮರಯ್ಯನ ಕಿವಿಯ ಮೇಲೆ. ಹೈದರಾಬಾದಿನ ತಾರ್ನಾಕದ ದೊಡ್ಡ ರಸ್ತೆಯಿಂದ ಒಳಕ್ಕೆ ಸರಿದ ಓಣಿಯಲ್ಲಿ ಅವರ ಟೈರಿನ ಅಂಗಡಿ. ಮುಂದಿನ ಅರ್ಧದಲ್ಲಿ ಮಗ ಭೀಮಾಶಂಕರನ ಕಂಪ್ಯೂಟರ್ ಮಷಿನ್ನು. ಇವತ್ತಿನ ಕಾರುಗಳ ಗಾಲಿಯನ್ನು ಅದರ ಮೇಲೆ ಕೂರಿಸಿ ಗುಂಡಿ ಒತ್ತಿದರೆ ಎಲ್ಲಿ ಎಷ್ಟು ತೂಕ ಅಂಟಿಸಬೇಕೆಂದು ಅದೇ ಹೇಳುತ್ತದೆ. ಅಂಥ ಮಷಿನ್ನು ಆ ಸಾಲಿನಲ್ಲೇ ಇನ್ನೂ ಎಂಟು ಅಂಗಡಿಗಳಲ್ಲಿವೆ. ಹಿಂದಿನ ಅರ್ಧ ಅಮರಯ್ಯನದು. ಎಂಬತ್ತು ತೊಂಬತ್ತು ವರ್ಷದ ಹಿಂದಿನ ಕಾರುಗಳ, ಸೈಕಲ್ಲಿನದರಂಥ ತಂತಿಕಡ್ಡಿಯ ಗಾಲಿಗಳು ಆ ಮಷಿನ್ನಿನ ಮೇಲೆ ಕೂಡುವುದೇ ಇಲ್ಲ, ನಡುವಿನ ತೂತಿನ ಅಳತೆಯೇ ಬೇರೆ. ಅವಕ್ಕೆ ಅಮರಯ್ಯ ಹಳೆಯ ಆ್ಯಕ್ಸಲ್ಲಿನ ತುಂಡಿನಿಂದ ತಾನೇ ಮಾಡಿಕೊಂಡ ಸ್ಟ್ಯಾಂಡು. ಟೈರು ಟ್ಯೂಬು ಹಾಕಿದ ಗಾಲಿಯನ್ನು ಅದಕ್ಕೆ ತೂಗುಹಾಕಿ ಮೆಲ್ಲಗೆ ತಿರುಗಿಸಿ ಬಿಟ್ಟರೆ ಭಾರದ ಕಡೆ ಕೆಳಕ್ಕೆ ಬಂದು ನಿಲ್ಲುತ್ತದೆ. ಅದರ ಎದುರು ದಿಕ್ಕಿನ ಕಡ್ಡಿಗಳಿಗೆ ಸೀಸದ ತಂತಿ ಸುತ್ತುತ್ತ ಹೋಗಬೇಕು, ಎಲ್ಲಿ ಬಿಟ್ಟರೆ ಅಲ್ಲೇ ಗಾಲಿ ನಿಲ್ಲುವ ತನಕ.

ಆದರೆ ಸೀಸಕ್ಕಿಂತ ಮೊದಲು ಇನ್ನೊಂದು ಕೆಲಸ. ಒಂದೊಂದು ಕಡ್ಡಿಯನ್ನೂ ನಟ್ಟು ಬಿಗಿಯುವ ಸಣ್ಣ ಪಾನಾದಿಂದ ಬಡಿದು ಕೇಳಬೇಕು. ಗಟ್ಟಿ ಕಡ್ಡಿ ಟಣ್ಣೆನ್ನುತ್ತದೆ, ಸಡಿಲಾದದ್ದು, ಒಳಗೆ ಸೀಳಿದ್ದು ಮಂದವಾಗಿ ನುಡಿಯುತ್ತದೆ. ಸೀಸ ಸುತ್ತಿದ ಕಡ್ಡಿ ಹೇಗೂ ಮಂದವೇ ನುಡಿಯುವುದರಿಂದ ಬಡಿದು ನೋಡುವುದು ಮೊದಲು, ಸೀಸ ಆಮೇಲೆ. ಈ ಕ್ರಮವನ್ನು ಅಮರಯ್ಯ ನಲವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ. ಹಳೇ ಕಾರಿನ ಸೇಠುಗಳು ಊರಿನ ಆ ತುದಿಯಿಂದ ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕೇ.

ಮರುದಿನ ಬೆಳಗ್ಗೆ ಗಂಡನಿಗೆ ಚಹಾ ಕೊಡುತ್ತ ಶಿವಗಂಗಾ ವಿಷಯ ತೆಗೆದಳು. ಭೀಮಾಶಂಕರನಿಗೆ ಅದು ಹೊಸದಲ್ಲ.

"ಗೊತ್ತೈತಿ. ಸುಮ್ನಿರು."

"ಗೊತ್ತೈತಿ ಅಂತೀರಲ್ಲ! ಕಿವಿ ಕೇಳದ ಮನಷಾ ಕಡ್ಡಿ ಬಡದು ಏನ್ ಕೇಳ್ತಾರ?"

"ನಲವತ್ತು ವರ್ಷದ ಕೈ ಅದು. ಬೆರಳಿಗೇ ಗೊತ್ತಾಗ್ತೈತಿ. ಜನವರಿಗೆ ಹಳೇ ಕಾರಿನ ರ‍್ಯಾಲಿ ಐತಿ, ಅದು ಮುಗೀಲಿ, ಆಮ್ಯಾಲ ನೋಡೂನು."

ಕೋಚಿಂಗಿಗೆ ದಿಲ್‌ಸುಖ್‌ನಗರದ ಬಸ್ಸು ಹಿಡಿಯಲು ಬೂಟು ಕಟ್ಟುತ್ತಿದ್ದ ನಿರೀಕ್ಷಾ ಬಾಗಿಲಿನಿಂದಲೇ ಬಾಯಿ ಹಾಕಿದಳು. "ಮುತ್ಯಾಗ ಹಿಯರಿಂಗ್ ಏಡ್ ಹಾಕಸ್ರಿ ಪಪ್ಪಾ. ನಮ್ಮ ಸರ್ ಹಾಕ್ಕೊಂಡಾರ, ಕಾಣೂದೂ ಇಲ್ಲ."

"ಕಿವ್ಯಾಗ ಮಷಿನ್ ಇಟ್ಕೊಂಡು ಗಾಲಿ ಬಡಿಯೋದನ್ನ ಒಬ್ಬ ಗಿರಾಕಿ ನೋಡಿದ್ರ ಸಾಕು, ಹೈದರಾಬಾದ್ ತುಂಬಾ ಸುದ್ದಿ. ನೀ ನಿನ್ನ ಬಸ್ ನೋಡ್ಕೋ."

ಮುದುಕನಿಗೂ ಬೆರಳಿನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ ಎಂಬುದು ಶಿವಗಂಗಾಗೆ ಆ ವಾರವೇ ಗೊತ್ತಾಯಿತು. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದಾಗ ಭೀಮಾಶಂಕರ ಇರಲಿಲ್ಲ. ಅಮರಯ್ಯ ಒಂದು ಗಾಲಿಯ ಮುಂದೆ ಪಾನಾ ಹಿಡಿದು ಕೂತಿದ್ದ. ಸೊಸೆಯನ್ನು ಕಂಡು ಆಚೀಚೆ ನೋಡಿದ.

"ಬಾಗಲಾ ಸ್ವಲ್ಪ ಮುಂದ ಮಾಡವ್ವಾ. ನಾ ಬಡೀತೀನಿ. ಯಾವುದು ಟಣ್ ಅನ್ನಂಗಿಲ್ಲ, ಅದನ್ನ ಹೇಳು."

ಅವಳು ಬಾಗಿಲು ಮುಂದೆ ಮಾಡಿ ಬಂದು ನಿಂತಳು. ಅವನು ಬಡಿದ. ಒಂದು, ಎರಡು, ಮೂರು. ಹನ್ನೊಂದನೆಯದಕ್ಕೆ ಅವಳು ಕೈ ಎತ್ತಿದಳು. ಅಮರಯ್ಯ ಕಡ್ಡಿಯ ಬುಡ ಉಜ್ಜಿ, ಕನ್ನಡಕ ಏರಿಸಿ ನೋಡಿದ. ಕೂದಲೆಳೆಯಷ್ಟು ಸೀಳು.

"ಶಾಣ್ಯಾಕಿ," ಎಂದ. ಆಮೇಲೆ ಗಾಲಿಯ ಕಡೆಗೇ ಮುಖ ಮಾಡಿ ಹೇಳಿದ, "ಬೆರಳಿಗೆ ಗೊತ್ತಾಗ್ತೈತಿ ಅಂತ ಎರಡು ವರ್ಷ ನನಗ ನಾನ ಸುಳ್ಳ ಹೇಳ್ಕೊಂಡೀನಿ. ಮನ್ಯಾಗ ಹೇಳಬ್ಯಾಡವ್ವಾ."

ಅಂದಿನಿಂದ ಬುತ್ತಿ ಕೊಟ್ಟವಳು ಹಿಂದಿರುಗುವುದು ಎರಡು ತಾಸು ತಡವಾಗತೊಡಗಿತು. ಮಡಚಿಟ್ಟ ಗೋಣಿಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಕಡ್ಡಿ ಸರಿಯಿದ್ದರೆ ಗೋಣು ಹಾಕಬೇಕು, ಮಂದವಾದರೆ ಕೈಯಲ್ಲಿನ ಸೊಪ್ಪು ಬುಟ್ಟಿಗೆ ಬಿಡಬೇಕು. ಗಿರಾಕಿಗಳು ನೋಡಿದರೆ ಮಾವನಿಗೆ ಊಟ ತಂದ ಸೊಸೆ, ಅಷ್ಟೇ. ನಾಲ್ಕು ದಿನದಲ್ಲಿ ಭೀಮಾಶಂಕರನ ಕಣ್ಣಿಗೆ ಬಿತ್ತು. ಅವನು ಬೇಡ ಅನ್ನಲಿಲ್ಲ, ಒಳ್ಳೆಯದಾಯಿತು ಎಂದೂ ಅನ್ನಲಿಲ್ಲ.

ಅಂದವಳು ಹಂಪಮ್ಮ. "ದಿನಾ ಸೊಪ್ಪು ಅಂಗಡ್ಯಾಗ ಸೋಸ್ತಾಳಂತ! ಯಾಕ, ಮನ್ಯಾಗ ನೆಲ ಇಲ್ಲೇನು? ಎರಡೂ ಹೊತ್ತು ರೊಟ್ಟಿ ಬಡದು ಬಡದು ನನ್ನ ರಟ್ಟಿ ಹೋದ್ವು. ಗಂಡಸರು ಬರೋ ಹೋಗೋ ಜಾಗ, ಟೈರಿನ ನಡುವ ಕುಂತ್ರ ಮಂದಿ ಏನಂದಾರು?"

"ಮಾವಾರಿಗೆ ಬಿಸಿ ಬಡಸಾಕ ಆಗ್ತೈತ್ರಿ ಅತ್ತಿ."

"ನಲವತ್ತು ವರ್ಷ ತಣ್ಣಂದು ತಿಂದ ಗಂಡಸು. ಈಗ ಬಿಸಿ ಬೇಕಾಗೇತೇನು?"

ಅಮರಯ್ಯ ತುಟಿ ನೋಡಿ, "ಹೌದು, ಭಾಳ ಬಿಸಿಲು," ಎಂದ.

ಜನವರಿ ಬಂತು. ಕೊಂಡಾಪುರದ ದಿನೇಶ ಸಾಹೇಬರ ಹಸಿರು ಕಾರು ಬಂತು. ಮೂವತ್ತೆಂಟರ ಮಾಡೆಲ್ಲು, ಅವರ ಅಜ್ಜನ ಕಾಲದ್ದು. ದಿನೇಶನಿಗೆ ದೊಡ್ಡ ಆಫೀಸು, ಓಡಾಡಲು ಹೊಸ ಕಾರು, ಇದು ವರ್ಷಕ್ಕೊಮ್ಮೆ ರ‍್ಯಾಲಿಗೆ. ಅದನ್ನು ನೋಡಿಕೊಂಡು ಓಡಿಸುವವನು ಗೋಪಿನಾಥ, ಬೀದರಿನ ಕಡೆಯವನು. ಅಂಗಡಿಗೆ ಬಂದರೆ ಕನ್ನಡದ ಬಾಯಿಗೆ ಕೆಲಸ ಸಿಕ್ಕಿತೆಂದು ಸಂಭ್ರಮ ಪಡುವ ಮನುಷ್ಯ.

ರ‍್ಯಾಲಿಗೆ ಒಂದು ದಿನ ಮೊದಲು ಬೆಳಗ್ಗೆಯೇ ಮನೆಯಲ್ಲಿ ಜಗಳವಾಗಿತ್ತು. ಹಿಂದಿನ ದಿನ ಶಿವಗಂಗಾ ಆ ಕಾರಿನ ಒಂದೇ ಗಾಲಿಯಲ್ಲಿ ಮೂರು ಕಡ್ಡಿ ಹಿಡಿದಿದ್ದಳು. ಅವುಗಳನ್ನು ಬದಲಿಸುವುದರಲ್ಲಿ ಕೆಲಸ ಒಂದು ದಿನ ಹಿಂದೆ ಬಿದ್ದಿತ್ತು. ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದವಳಿಗೆ ಭೀಮಾಶಂಕರ ಮಗಳೆದುರೇ ಅಂದಿದ್ದ, "ನಾಕು ದಿನ ಗೋಣಿ ಮ್ಯಾಲ ಕುಂತು ಮಿಸ್ತ್ರಿ ಆಗ್ಯಾಳ. ಎಲ್ಲಾ ಕಡ್ಡಿನೂ ಈಕಿಗೆ ಮಂದ ಕೇಳ್ತಾವ. ಇಷ್ಟು ದೊಡ್ಡ ಕಿವಿ ಬ್ಯಾಡ ಹೆಣಮಕ್ಕಳಿಗೆ." ಅವಳು ತಿರುಗಿ ಒಂದು ಮಾತು ಆಡಿದಳು, ಅವನು ನಾಲ್ಕು ಆಡಿದ. ಉಪ್ಪಿಟ್ಟು ಹಾಗೇ ಉಳಿಯಿತು.

ಮಧ್ಯಾಹ್ನ ಅಂಗಡಿಯಲ್ಲಿ ಮೂರು ಗಾಲಿ ಮುಗಿದಿದ್ದವು. ಉಳಿದದ್ದು ಮುಂದಿನ ಬಲಗಡೆಯದು. ದಿನೇಶ ಸಾಹೇಬರಿಂದ ಮೂರನೆಯ ಸಲ ಫೋನು ಬಂತು. ಅಮರಯ್ಯ ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಭೀಮಾಶಂಕರ ಆ ಗಾಲಿಯನ್ನು ತಾನೇ ಸ್ಟ್ಯಾಂಡಿಗೆ ಏರಿಸಿ, ತೂಗಿ, ಸೀಸ ಸುತ್ತಿ ಮುಗಿಸಿದ.

ಅಮರಯ್ಯ ಬಂದು ನೋಡಿದ. "ಬಡದು ನೋಡಿದೇನು?"

"ಇಲ್ಲ. ಈಗ ನೋಡು."

"ಮೊದಲ ಸೀಸ ಸುತ್ತಿದಿ? ಎಷ್ಟು ಸಲ ಹೇಳೀನಿ ನಿನಗ, ಭೀಮ್ಯಾ? ಬಿಚ್ಚು ಅದನ್ನ."

"ಬಿಚ್ಚಿ, ಬಡದು, ಮತ್ತ ತೂಗಿ ಸುತ್ತಾಕ ಇನ್ನೊಂದು ತಾಸು ಬೇಕು. ಮೂರು ಕಡ್ಡಿಗಷ್ಟ ಸುತ್ತೀನಿ. ಅವು ಮೂರು ಬಿಟ್ಟು ಉಳದದ್ದು ಬಡಿ, ಮುಗೀತು!"

ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಗೋಪಿನಾಥ ನಕ್ಕ. "ಕಾಕಾ, ಬಿಡ್ರಿ. ನಮ್ಮ ಸಾಹೇಬ್ರು ಕಾರಿಗೆ ನಾಳೆ ಹಾರ ಹಾಕ್ತಾರ, ನಿಮ್ಮ ಸೀಸಾ ಯಾರೂ ನೋಡಂಗಿಲ್ಲ. ಯಕ್ಕಾ, ಈ ಸೊಪ್ಪಿನ ಪಲ್ಯಾ ಯಾರಿಗೆ? ನನ್ನ ಹೆಂಡತಿಗೆ ಮೆಂತ್ಯೆ ಅಂದ್ರ ಕಹಿ ಅಂತ ಬ್ಯಾಸರಕಿ."

ಅಮರಯ್ಯ ಗೊಣಗುತ್ತ ಪಾನಾ ಎತ್ತಿಕೊಂಡ. ಕಡ್ಡಿಗಳು ಒಂದೊಂದಾಗಿ ನುಡಿದವು. ಗೋಣಿಯ ಮೇಲೆ ಕೂತ ಶಿವಗಂಗಾ ಪ್ರತಿಯೊಂದಕ್ಕೂ ಗೋಣು ಹಾಕುತ್ತ ಬಂದಳು. ಸೀಸ ಸುತ್ತಿದ ಮೂರನ್ನು ಬಿಟ್ಟು ಅವುಗಳ ಪಕ್ಕದ್ದನ್ನು ಅಮರಯ್ಯ ಬಡಿದ.

ಮಂದ ನುಡಿಯಿತು.

ಶಿವಗಂಗಾ ಕಣ್ಣಿನಲ್ಲೇ ಎಣಿಸಿದಳು. ಸೀಸ ಮೂರಕ್ಕೇ ಇತ್ತು. ಇದು ನಾಲ್ಕನೆಯದು, ಬರಿ ಮೈ. "ರೀ, ಇದು..." ಎಂದಳು.

"ಸೀಸಾ ಬಾಜೂಕ ಐತಿ, ಅದರ ಸಪ್ಪಳಾ ಇದಕ್ಕೂ ಹತ್ತೇತಿ," ಎಂದ ಭೀಮಾಶಂಕರ. ಅವನು ಗೋಪಿನಾಥನ ಕಡೆ ಒಮ್ಮೆ ನೋಡಿ, ಅವಳ ಕಡೆ ತಿರುಗಿದ. ಬೆಳಗಿನ ಮಾತುಗಳೆಲ್ಲ ಅವನ ಮುಖದ ಮೇಲೆ ಮತ್ತೆ ಸಾಲುಗಟ್ಟಿದ್ದವು. ಹೊರಗಿನವನೆದುರು ಇನ್ನೊಮ್ಮೆ ಅವನ್ನು ಕೇಳುವ ಶಕ್ತಿ ಅವಳಲ್ಲಿರಲಿಲ್ಲ.

ಅಮರಯ್ಯ ಪಾನಾ ಎತ್ತಿ ಹಿಡಿದು ಸೊಸೆಯ ಮುಖ ನೋಡುತ್ತಿದ್ದ. ಇಬ್ಬರ ಮಾತೂ ಅವನಿಗೆ ಕೇಳಿಸಿರಲಿಲ್ಲ.

ಅವಳು ಗೋಣು ಹಾಕಿದಳು.

ಅವನು ಮುಂದಿನ ಕಡ್ಡಿಗೆ ಹೋದ.

ರ‍್ಯಾಲಿಯಲ್ಲಿ ಹಸಿರು ಕಾರಿಗೆ ಹಾರ ಬಿತ್ತು, ಫೋಟೋ ಆಯಿತು. ದಿನೇಶ ಸಾಹೇಬರು ಅಲ್ಲಿಂದಲೇ ತಮ್ಮ ಹೊಸ ಕಾರಿನಲ್ಲಿ ಮನೆಗೆ ಹೋದರು. ಗೋಪಿನಾಥ ಹಳೆಯದನ್ನು ಒಬ್ಬನೇ ತರುತ್ತಿದ್ದ. ಒಂದು ಇಳಿಜಾರಿನ ತಿರುವಿನಲ್ಲಿ ಮುಂದಿನ ಬಲಗಾಲಿ ಮಡಚಿಕೊಂಡು ಕಾರು ಡಿವೈಡರಿಗೆ ನುಗ್ಗಿತು. ಆ ಕಾಲದ ಕಾರಿಗೆ ಬೆಲ್ಟೂ ಇಲ್ಲ, ಏನೂ ಇಲ್ಲ. ಎಂಜಿನ್ನು ಹಿಂದಕ್ಕೆ ಸರಿದು ಗೋಪಿನಾಥನ ಕಾಲುಗಳ ಮೇಲೆ ಕೂತಿತು. ಎರಡು ದಿನ ನೋಡಿದ ಡಾಕ್ಟರರು ಮೂರನೆಯ ದಿನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಎಡಗಾಲನ್ನು ಉಳಿಸಲು ನೋಡುತ್ತಿದ್ದೇವೆ ಎಂದರು.

ನಾಲ್ಕನೆಯ ದಿನ ದಿನೇಶ ಅಂಗಡಿಗೆ ಬಂದ. ತನ್ನ ಕಾರಿನ ಡಿಕ್ಕಿ ತೆರೆದು, ಮುರಿದ ಗಾಲಿ ಇಳಿಸಿ ಅಮರಯ್ಯನ ಮುಂದೆ ಇಟ್ಟ. ಕೂಗಾಡಲಿಲ್ಲ. ಶಿವಗಂಗಾಳ ಕೈಯಲ್ಲಿ ಬುತ್ತಿ ಹಾಗೇ ಉಳಿಯಿತು. ಅಕ್ಕಪಕ್ಕದ ಅಂಗಡಿಯವರು ಬಂದು ಸುತ್ತ ನಿಂತರು.

ಅಮರಯ್ಯ ಕನ್ನಡಕ ಏರಿಸಿ ಮುರಿದ ಕಡ್ಡಿಗಳ ತುದಿಗಳನ್ನು ಒಂದೊಂದಾಗಿ ನೋಡಿದ. ಮುರಿದ ಕಡೆ ಎಲ್ಲವೂ ಹೊಸದಾಗಿ ಹೊಳೆಯುತ್ತಿದ್ದವು. ಸೀಸದ ಪಕ್ಕದ ಒಂದರದು ಮಾತ್ರ ಅರ್ಧದಷ್ಟು ತುಕ್ಕು ಹಿಡಿದಿತ್ತು. ಅದು ಎಷ್ಟೋ ತಿಂಗಳ ಹಿಂದೆಯೇ ಸೀಳಿತ್ತು, ಅದು ಕೈಬಿಟ್ಟ ಮೇಲೆ ಉಳಿದವು ಒಂದರ ಹಿಂದೊಂದು ಮುರಿದಿದ್ದವು. ಮುದುಕ ಬಹಳ ಹೊತ್ತು ಅದನ್ನೇ ಹಿಡಿದುಕೊಂಡಿದ್ದು, ಆಮೇಲೆ ಎದ್ದು ನಿಂತ.

"ಗಲ್ತಿ ಮೇರಿ ಹೈ ಸಾಬ್," ಎಂದ, ಎಲ್ಲರಿಗೂ ಕೇಳುವಷ್ಟು ಜೋರಾಗಿ. ತಪ್ಪು ತನ್ನದೇ, ಎರಡು ವರ್ಷದಿಂದ ತನಗೆ ಕಿವಿ ಕೇಳುವುದಿಲ್ಲ, ಬಚ್ಚಿಟ್ಟು ಕೆಲಸ ಮಾಡಿದೆ, ಮಗನದೇನೂ ಇಲ್ಲ, ಇನ್ನು ಗಾಲಿ ಮುಟ್ಟುವುದಿಲ್ಲ ಎಂದು ಹಿಂದಿಯಲ್ಲೇ ಹೇಳಿದ. ಸೊಸೆಯ ಹೆಸರು ಎತ್ತಲಿಲ್ಲ.

ಭೀಮಾಶಂಕರ ನೆಲ ನೋಡುತ್ತ ನಿಂತಿದ್ದ.

ಅಲ್ಲಿಗೆ ಅಂಗಡಿಯ ಹಿಂದಿನ ಅರ್ಧ ಮುಗಿಯಿತು. ವಾರದೊಳಗೆ ಸರದಿಯಲ್ಲಿದ್ದ ಎರಡು ಹಳೇ ಕಾರಿನವರು ಬಂದು ತಮ್ಮ ಗಾಲಿಗಳನ್ನು ಹೊತ್ತುಕೊಂಡು ಹೋದರು. ಆ್ಯಕ್ಸಲ್ಲಿನ ಸ್ಟ್ಯಾಂಡನ್ನು ಅಮರಯ್ಯನೇ ಗುಜರಿಯವನನ್ನು ಕರೆದು ಕೊಟ್ಟ. ಓಣಿಯಲ್ಲಿ ಜನ ಅವನ ಮುಂದೆಯೇ "ಕಿವುಡ ಅಜ್ಜ ಹೊಂಟ" ಎನ್ನತೊಡಗಿದರು, ಕೇಳುವುದಿಲ್ಲವಲ್ಲ ಎಂದು. ಅವನು ಬೆಳಗ್ಗೆ ಎದ್ದು ಅಂಗಡಿಯ ಹೊತ್ತಿಗೆ ಅಂಗಿ ಹಾಕಿಕೊಳ್ಳುತ್ತಿದ್ದ, ಹಾಕಿಕೊಂಡು ಒಲೆಯ ಹತ್ತಿರ ಗೋಡೆಗೆ ಒರಗಿ ಕೂಡುತ್ತಿದ್ದ. ಎರಡು ರೊಟ್ಟಿ ಒಂದಕ್ಕಿಳಿಯಿತು. ಹಂಪಮ್ಮ ಬಯ್ಯುವುದನ್ನೇ ಬಿಟ್ಟಳು.

ಆಸ್ಪತ್ರೆಗೆ ಊಟ ಕಳಿಸುವುದೆಂದು ಹಂಪಮ್ಮನೇ ತೀರ್ಮಾನಿಸಿದ್ದಳು. ಗೋಪಿನಾಥನ ಹೆಂಡತಿ ರೇಣುಕಾ ರಾತ್ರಿಯೆಲ್ಲ ಅಲ್ಲಿದ್ದು, ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಹತ್ತರ ಹೊತ್ತಿಗೆ ಖಾಲಿ ಡಬ್ಬಿ ತಂದುಕೊಟ್ಟು ತುಂಬಿದ್ದನ್ನು ಒಯ್ಯುತ್ತಿದ್ದಳು. ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಅವಳಿಗೆ ಎರಡು ರೊಟ್ಟಿ. ಮೂರನೆಯ ವಾರ ಒಂದು ದಿನ ಅವಳು ಬಾಗಿಲಲ್ಲಿ ನಿಂತು ಶಿವಗಂಗಾಳ ಕೈ ಹಿಡಿದಳು.

"ಮಂದಿ ಏನೇನೋ ಹೇಳ್ತಾರ ಯಕ್ಕಾ, ಕೇಸ್ ಹಾಕು ಅಂತಾರ. ನಮ್ಮನಿಯವ್ರು ಬ್ಯಾಡ ಅಂದ್ರು. ಕಾಕಾ ಮಂದಿ ಮುಂದ ನಿಂತು ಖರೇ ಹೇಳ್ಯಾರ, ಅಷ್ಟು ಯಾರ್ ಹೇಳ್ತಾರ ಅಂದ್ರು."

ಅವಳು ಹೋದ ಮೇಲೆ ಶಿವಗಂಗಾ ಸ್ನಾನಕ್ಕೆ ಹೊರಟಿದ್ದ ಗಂಡನನ್ನು ತಡೆದಳು.

"ನಾ ಹೇಳ್ತೀನಿ."

"ಏನ್ ಹೇಳ್ತಿ?"

"ಆ ಕಡ್ಡಿ ಮಂದ ಇತ್ತು. ನಾ ಕೇಳೀನಿ, ನೀವೂ ಕೇಳೀರಿ."

"ನಾ ಏನೂ ಕೇಳಿಲ್ಲ." ಅವನು ಟವಲ್ಲನ್ನು ಹೆಗಲಿನಿಂದ ಹೆಗಲಿಗೆ ಹಾಕಿಕೊಂಡ. "ಅಪ್ಪ ಹೊತ್ಕೊಂಡಾನ, ಮುಗೀತು. ಈಗ ನೀ ಬಾಯಿ ಬಿಟ್ರ ಆ ಹುಡುಗನ ಕಾಲು ಬರ್ತೈತೇನು? ಕೇಸ್ ಬರ್ತೈತಿ. ಮುಂದಿನ ಅಂಗಡಿನೂ ಹೋಗ್ತೈತಿ. ಮಗಳು ಕೋಚಿಂಗ್ ಬಿಟ್ಟು ಮನ್ಯಾಗ ಕುಂದರತಾಳ. ಹೇಳು ಹೋಗು."

ಕೇಳಿಲ್ಲ ಅಂದದ್ದೊಂದು ಬಿಟ್ಟರೆ ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಮತ್ತೆ ಒಂದು ವಾರ ಡಬ್ಬಿ ತುಂಬಿದಳು.

ಆ ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಹಂಪಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಅಮರಯ್ಯನ ಮುಂದೆ ಶಿವಗಂಗಾ ತಟ್ಟೆ ಇಟ್ಟಳು. ಅವನು ರೊಟ್ಟಿ ಮುರಿಯಲಿಲ್ಲ.

"ನಿಂದೇನೂ ತಪ್ಪಿಲ್ಲವ್ವಾ," ಎಂದ ತಾನಾಗಿಯೇ. ಕಿವಿ ಹೋದವರ ಹಾಗೆ ದನಿ ಅಳತೆ ತಪ್ಪಿ ದೊಡ್ಡದಾಗಿತ್ತು. "ನಿನ್ನ ಮಾರಿ ನೋಡಿದ್ರ ನನಗ ತಿಳೀತೈತಿ. ನಿನ್ನ ಕಿವಿ ಇನ್ನೂ ಹಸಿ, ಸೀಸದ ಬಾಜೂದ್ದು ನಿನಗ ಹೆಂಗ ತಿಳೀಬೇಕು? ಬಿಚ್ಚಸಬೇಕಾದಾವ ನಾನು."

ಅವಳು ಬಗ್ಗಿ ಅವನ ಎಡಗಿವಿಯ ಹತ್ತಿರ ಬಾಯಿ ತಂದಳು. "ಮಾವಾರ, ನನಗ ಕೇಳಿಸಿತ್ತು."

"ಆಂ?"

"ಕೇಳಿಸಿತ್ರಿ ನನಗ. ಆ ಕಡ್ಡಿ."

"ಜೋರ್ ಹೇಳವ್ವಾ. ಈ ಕಿವಿನೂ ಹೋಗೇತಿ."

"ಶಿವಗಂಗಾ!" ಎಂದ ಭೀಮಾಶಂಕರ ಒಳಗಿನಿಂದ ಬಂದು. ನಿರೀಕ್ಷಾ ಪುಸ್ತಕದಿಂದ ತಲೆಯೆತ್ತಿದಳು.

"ಸೀಸದ ಬಾಜೂ ಕಡ್ಡಿ ಮಂದ ಇತ್ರಿ ಮಾವಾರ!" ಅವಳ ದನಿ ಒಡೆದು, ಓಣಿಗೆ ಕೇಳುವಷ್ಟು ಏರಿತು. "ನಾ ಕೇಳಿದ್ದೆ! ನನಗ ಗೊತ್ತಿತ್ತು! ಇವರಿಗೂ ಹೇಳಿದೆ. ಗೊತ್ತಿದ್ದೂ ನಿಮಗ ಗೋಣು ಹಾಕಿದೆ, ಗೋಪಿನಾಥ ಅಲ್ಲೇ ನಿಂತಿದ್ದ!"

ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಪಮ್ಮನ ಅಂಗೈ ಹಿಟ್ಟಿನ ಮೇಲೆ ಹಾಗೇ ಇತ್ತು, ಅವಳು ನೋಡುತ್ತಿದ್ದದ್ದು ಸೊಸೆಯನ್ನಲ್ಲ, ಬಾಗಿಲನ್ನು. ಶಿವಗಂಗಾ ತಿರುಗಿದಳು.

ಹೊಸ್ತಿಲಾಚೆ ರೇಣುಕಾ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ಮೆಟ್ಟಿಲ ಮೇಲೆ ಇಟ್ಟು, ಸೆರಗು ಸರಿಮಾಡಿಕೊಂಡು ಇಳಿದು ಹೋದಳು. ಚಪ್ಪಲಿಯ ಸದ್ದು ಕೆಳಗಿನ ಗೇಟಿನ ತನಕ ಕೇಳಿತು, ಆಮೇಲೆ ಗೇಟಿನ ಸದ್ದು.

ಬೆನ್ನ ಹಿಂದಿನದೊಂದೂ ತಿಳಿಯದ ಅಮರಯ್ಯ ತಟ್ಟೆ ನೋಡುತ್ತ ಕೂತಿದ್ದ.

"ಹಂಗಾದ್ರ ನಿನ್ನ ಕಿವಿ ಸರಿ ಇದ್ವು," ಎಂದ ಕೊನೆಗೆ.

ಅವನು ಗಡಿಯಾರದ ಕಡೆ ಕಣ್ಣು ಕಿರಿದು ಮಾಡಿ ನೋಡಿ, ತನ್ನ ತಟ್ಟೆಯ ರೊಟ್ಟಿಯನ್ನು ಎತ್ತಿ ಹೆಂಡತಿಯ ಕಡೆ ಚಾಚಿದ.

"ಹತ್ತಾತು. ರೇಣುಕಾ ಬರೋ ಹೊತ್ತು. ಡಬ್ಬಿ ತುಂಬ್ರಿ."